ನೆಲಕ್ಕೆ ಅಂಟಿದ ಕಾರ್ಪೆಟ್ ರಬ್ಬರ್: ಫಾರ್ವರ್ಡ್ ಆಗುವ ಉಪಾಯಗಳಲ್ಲಿ ಯಾವುದು ನಿಜ, ಯಾವುದು ಅಪಾಯ?

ಗೌರಿ ಹಬ್ಬಕ್ಕೆ ಮನೆ ತೊಳೆಯುವಾಗಲೇ ಇಂಥವು ಬಯಲಿಗೆ ಬರುವುದು. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿರುವ ನನ್ನ ಚಿಕ್ಕಮ್ಮ, ಹಜಾರದಲ್ಲಿ ಐದಾರು ವರ್ಷದಿಂದ ಹಾಸಿದ್ದ ಕಾರ್ಪೆಟ್ ಎತ್ತಿದರು. ಕಾರ್ಪೆಟ್ ಬಂತು, ಅದರ ಬೆನ್ನು ಬರಲಿಲ್ಲ. ಹಿಂಬದಿಯ ರಬ್ಬರ್ ಪದರ ಚೂರುಚೂರಾಗಿ ಕೆಂಪು ನೆಲಕ್ಕೆ ಕಚ್ಚಿಕೊಂಡು ಕೂತಿತ್ತು. ಕೆಲವು ಕಡೆ ಒಣಗಿದ ಪುಡಿ, ಕೆಲವು ಕಡೆ ಕಾಲಿಟ್ಟರೆ ಅಂಟುವ ಕಂದು ಮೇಣ. "ನೆಲಕ್ಕೆ ಸಿಡುಬು ಎದ್ದ ಹಾಗಾಗಿದೆ ಕಣೋ, ನೋಡು" ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರು.

ಅರ್ಧ ಗಂಟೆಯೊಳಗೆ ಗ್ರೂಪಿನಲ್ಲಿ ನಾಲ್ಕು ಪರಿಹಾರ ಬಂದವು. ಅಡಿಗೆ ಸೋಡಾದ ಮೇಲೆ ವಿನೆಗರ್ ಸುರಿಯಿರಿ, ನೊರೆ ಬಂದ ಮೇಲೆ ಒರೆಸಿ ಅನ್ನುವ ವೀಡಿಯೊ. ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಉಜ್ಜಿ ಅನ್ನುವುದು ಇನ್ನೊಂದು. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ಬೆರೆಸಿ ಅರ್ಧ ಗಂಟೆ ಬಿಡಿ, "ಎಂಥ ಕಲೆಯಾದರೂ ಮಾಯ" ಅನ್ನುವುದು ಮೂರನೆಯದು, ಅದಕ್ಕೆ ಮೇಲಿಂದ ಮೂರು ಕೈಮುಗಿಯುವ ಇಮೋಜಿ. ಕೊನೆಯದು ಕೊಬ್ಬರಿ ಎಣ್ಣೆ.

ಈ ನಾಲ್ಕರಲ್ಲಿ ಒಂದು ಕೆಲಸಕ್ಕೆ ಬಾರದ್ದು. ಒಂದು ಮನೆಗೆ ಬೆಂಕಿ ಹಚ್ಚಬಲ್ಲದ್ದು. ಒಂದು ಜೀವ ತೆಗೆಯಬಲ್ಲದ್ದು. ಉಳಿದ ಒಂದು ಸರಿಯಾದದ್ದು, ಆದರೆ ಅದೂ ಎಲ್ಲ ನೆಲಕ್ಕಲ್ಲ.

ಮೊದಲು ಆಸಿಡ್ ವಿಷಯ

ಲೇಖನದ ಉಳಿದ ಭಾಗ ಓದದಿದ್ದರೂ ಇದೊಂದನ್ನು ಓದಿ. ಬ್ಲೀಚಿಂಗ್ ಪೌಡರ್‌ನಲ್ಲಿರುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಬಾಟಲಿಯಲ್ಲಿ ಸಿಗುವ ದ್ರವರೂಪದ ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಟಾಯ್ಲೆಟ್ ತೊಳೆಯುವ ಆಸಿಡ್ ಅಂದರೆ ಬಹುಮಟ್ಟಿಗೆ ಹೈಡ್ರೋಕ್ಲೋರಿಕ್ ಆಮ್ಲ. ಇವೆರಡೂ ಸೇರಿದ ಕ್ಷಣವೇ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಎದುರಾಳಿಗಳ ಕಂದಕಗಳ ಕಡೆಗೆ ಬಿಟ್ಟದ್ದು ಇದೇ ಅನಿಲವನ್ನು. ಮನೆಯಲ್ಲಿ ಹುಟ್ಟುವ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ ನಿಜ. ಆದರೆ ಅದು ಹುಟ್ಟುವುದು ಮುಚ್ಚಿದ ಕೋಣೆಯಲ್ಲಿ, ನಿಮ್ಮ ಮೂಗಿನಿಂದ ಎರಡು ಗೇಣು ದೂರದಲ್ಲಿ.

ನೆಲ ಉಜ್ಜುವ ಕೆಲಸಕ್ಕೆ ಇದು ಇನ್ನೂ ಕೆಟ್ಟದ್ದು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಅದು ಮೇಲೇರಿ ಕಿಟಕಿಯಿಂದ ಹೊರಗೆ ಹೋಗುವ ಬದಲು ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಕುಕ್ಕರುಗಾಲಿನಲ್ಲಿ ಕೂತು ನೆಲ ತಿಕ್ಕುವವರ ಮುಖ, ಅಂಬೆಗಾಲಿಡುವ ಮಗುವಿನ ಮುಖ, ಎರಡೂ ಇರುವುದು ಅಲ್ಲೇ. ಉಸಿರಿನ ಜೊತೆ ಒಳಗೆ ಹೋದ ಕ್ಲೋರಿನ್ ಶ್ವಾಸಕೋಶದ ತೇವದಲ್ಲಿ ಆಮ್ಲವಾಗಿ ಒಳಗಿನ ಪದರವನ್ನು ಸುಡುತ್ತದೆ. ಕಣ್ಣುರಿ, ಕೆಮ್ಮು, ಎದೆ ಬಿಗಿತ ಕೂಡಲೇ ಶುರುವಾಗಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ತೊಂದರೆ ಕೆಲವು ಗಂಟೆ ತಡವಾಗಿಯೂ ಬರಬಹುದು. ಹಾಗಾಗಿ "ಈಗ ಪರವಾಗಿಲ್ಲ" ಅಂತ ಮಲಗಿಬಿಡುವುದು ಸರಿಯಲ್ಲ. ಉಬ್ಬಸ ಇರುವವರಿಗೆ ಸ್ವಲ್ಪವೇ ಸಾಕು.

ವಿನೆಗರ್ ಅಥವಾ ನಿಂಬೆರಸ ಬೆರೆಸಿದರೂ ಬ್ಲೀಚ್‌ನಿಂದ ಕ್ಲೋರಿನ್ ಬರುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಬೆರೆಸಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ. ಬ್ಲೀಚ್‌ಗೆ ನೀರು ಬಿಟ್ಟು ಬೇರೇನನ್ನೂ ಬೆರೆಸಬಾರದು. ಅಕಸ್ಮಾತ್ ಬೆರೆತು ಗಾಟು ಎದ್ದರೆ ಒರೆಸಲು ಹೋಗಬೇಡಿ. ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಬನ್ನಿ, ಬರುವಾಗ ಕೈಗೆ ಸಿಕ್ಕ ಬಾಗಿಲು ತೆರೆದಿಡಿ. ಕಣ್ಣು ಉರಿದರೆ ಹದಿನೈದು ನಿಮಿಷ ತಣ್ಣೀರಿನಲ್ಲಿ ತೊಳೆಯಿರಿ. ಉಸಿರಾಟ ಕಷ್ಟವಾದರೆ 108.

ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡು ಸಿಗುವುದಾದರೂ ಏನು? ಏನೂ ಇಲ್ಲ. ಹೈಡ್ರೋಕ್ಲೋರಿಕ್ ಆಮ್ಲ ರಬ್ಬರನ್ನು ಕರಗಿಸುವುದಿಲ್ಲ. ಕಾರ್ಖಾನೆಗಳಲ್ಲಿ ಈ ಆಮ್ಲ ತುಂಬಿಡುವ ಉಕ್ಕಿನ ಟ್ಯಾಂಕ್‌ಗಳ ಒಳಮೈಗೆ ಹಚ್ಚುವುದೇ ರಬ್ಬರ್ ಪದರವನ್ನು, ಆಮ್ಲ ಉಕ್ಕನ್ನು ತಿನ್ನದಿರಲಿ ಅಂತ. ನಿಮ್ಮ ಹಜಾರದಲ್ಲೂ ಅದೇ ಆಗುತ್ತದೆ. ರಬ್ಬರ್ ಹಾಗೇ ಉಳಿಯುತ್ತದೆ, ಅದರ ಸುತ್ತಲಿನ ಸಿಮೆಂಟ್ ನೆಲ ಕರಗುತ್ತದೆ. ಆಮೇಲೆ ಕಲೆಯೂ ಇರುತ್ತದೆ, ನೆಲಕ್ಕೆ ಗುಳಿಯೂ ಬಿದ್ದಿರುತ್ತದೆ.

ಆಸಿಡ್ ಬಾಟಲಿ ಬೀದಿ ಬದಿಯ ಗಾಡಿಯಲ್ಲಿ ಸಲೀಸಾಗಿ ಸಿಗುತ್ತದಲ್ಲ, ಹಾಗಾದರೆ ಅಷ್ಟೇನೂ ಅಪಾಯದ್ದಲ್ಲ ಅಂದುಕೊಳ್ಳಬೇಡಿ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇಂಥ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿದೆ. ಕೊಳ್ಳುವವರ ಗುರುತು, ವಿಳಾಸ, ಉದ್ದೇಶ ಬರೆದುಕೊಳ್ಳದೆ ಮಾರುವಂತಿಲ್ಲ.

ಅಷ್ಟು ವರ್ಷ ಚೆನ್ನಾಗಿದ್ದದ್ದು ಈಗ ಯಾಕೆ ಅಂಟಿತು?

ಇದಕ್ಕೆ ಕಾರ್ಪೆಟ್ಟಿನ ಮೇಲ್ಭಾಗವಲ್ಲ, ಬೆನ್ನು ನೋಡಬೇಕು.

ಕೊಪ್ಪದಿಂದ ಸ್ವಲ್ಪವೇ ದೂರದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರ ನೆಲೆ ಇದೆ. ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗ. ಬೇಸಾಯದ ಜೊತೆಗೆ ಕಾರ್ಪೆಟ್ ನೇಯ್ಗೆಯೂ ಅವರಿಗೆ ಜೀವನೋಪಾಯವಾಗಿತ್ತು. ಸಾಂಪ್ರದಾಯಿಕ ಟಿಬೆಟನ್ ಕಾರ್ಪೆಟ್‌ನಲ್ಲಿ ಹತ್ತಿಯ ಹಾಸುದಾರಕ್ಕೆ ಉಣ್ಣೆಯ ಎಳೆಯನ್ನು ಒಂದು ಸರಳಿನ ಸುತ್ತ ಕುಣಿಕೆ ಹಾಕುತ್ತಾ ಹೋಗಿ, ಸಾಲು ಮುಗಿದ ಮೇಲೆ ಸರಳಿನುದ್ದಕ್ಕೂ ಕತ್ತರಿಸುತ್ತಾರೆ. ಎಳೆಗಳನ್ನು ಹಿಡಿದಿಡುವುದು ಆ ಕುಣಿಕೆ, ಅಂಟಲ್ಲ. ನವಲಗುಂದದ ಜಮಖಾನವೂ ಅಷ್ಟೇ, ಬರೀ ನೂಲು. ಇಂಥವನ್ನು ಇಪ್ಪತ್ತು ವರ್ಷ ಹಾಸಿಟ್ಟರೂ ನೆಲಕ್ಕೆ ಮೆತ್ತಿಕೊಳ್ಳಲು ಅವುಗಳಲ್ಲಿ ಏನೂ ಇಲ್ಲ.

ನಮ್ಮ ಮನೆಗಳಿಗೆ ಈಗ ಬರುವುದು ಹೆಚ್ಚಾಗಿ ಬೇರೆ ಜಾತಿಯವು. ಯಂತ್ರದಲ್ಲೋ ಕೈಗನ್ನಿನಲ್ಲೋ ಒಂದು ಬಟ್ಟೆಗೆ ನೂಲನ್ನು ಚುಚ್ಚಿ, ಅದು ಕಿತ್ತು ಬರದಿರಲಿ ಅಂತ ಹಿಂದೆ ಲೇಟೆಕ್ಸ್ ಅಂಟು ಬಳಿದಿರುತ್ತಾರೆ. ಸಾಮಾನ್ಯವಾಗಿ ಅದು ಸ್ಟೈರೀನ್-ಬ್ಯುಟಾಡಯೀನ್ ಎಂಬ ಕೃತಕ ರಬ್ಬರ್, ಅದರೊಳಗೆ ಖರ್ಚು ತಗ್ಗಿಸಲು ಸುಣ್ಣಕಲ್ಲಿನ ಪುಡಿ ಧಾರಾಳವಾಗಿ ತುಂಬಿರುತ್ತಾರೆ. ಜಾರದ ಮ್ಯಾಟ್‌ಗಳ ಹಿಂದೆ ರಬ್ಬರ್ ಅಥವಾ ಪಿವಿಸಿ ಚುಕ್ಕಿಗಳಿರುತ್ತವೆ. ಗುರುತಿಸುವುದು ಸುಲಭ. ಕಾರ್ಪೆಟ್ಟನ್ನು ಮಗುಚಿ ನೋಡಿ. ಮೇಲಿನ ಚಿತ್ತಾರವೇ ಹಿಂದೆಯೂ ಗಂಟುಗಂಟಾಗಿ ಕಂಡರೆ ಕೈಯಿಂದ ಗಂಟು ಹಾಕಿದ್ದು. ಹಿಂದೆ ಬರೀ ಬಟ್ಟೆಯೋ ರಬ್ಬರೋ ಅಂಟಿಸಿದ್ದರೆ ಎಂದಾದರೂ ಒಂದು ದಿನ ನೆಲಕ್ಕೆ ಮೆತ್ತಿಕೊಳ್ಳುವಂಥದ್ದು.

ರಬ್ಬರ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಆ ಸರಪಳಿಯಲ್ಲಿ ಅಲ್ಲಲ್ಲಿ ಆಮ್ಲಜನಕಕ್ಕೆ ಸುಲಭವಾಗಿ ಸಿಕ್ಕುವ ಕೊಂಡಿಗಳಿವೆ. ಗಾಳಿ, ಬಿಸಿಲು, ಸೆಖೆಯಲ್ಲಿ ವರ್ಷಗಟ್ಟಲೆ ಇದ್ದಾಗ ಆ ಕೊಂಡಿಗಳಲ್ಲಿ ಎರಡು ರೀತಿಯ ಅನಾಹುತ ನಡೆಯುತ್ತದೆ. ಕೆಲವು ಕಡೆ ಸರಪಳಿ ತುಂಡಾಗುತ್ತದೆ, ಅಲ್ಲಿ ರಬ್ಬರ್ ಜಿಗುಟು ಮೇಣವಾಗುತ್ತದೆ. ಕೆಲವು ಕಡೆ ಸರಪಳಿಗಳು ಒಂದಕ್ಕೊಂದು ಹೆಚ್ಚು ಹೆಣೆದುಕೊಳ್ಳುತ್ತವೆ, ಅಲ್ಲಿ ಬಿರುಸಾಗಿ ಪುಡಿಯಾಗುತ್ತದೆ. ಚಿಕ್ಕಮ್ಮನ ಹಜಾರದಲ್ಲಿ ಒಂದೇ ಕಾರ್ಪೆಟ್ಟಿನಡಿ ಪುಡಿಯೂ ಅಂಟೂ ಸಿಕ್ಕಿದ್ದು ಅದಕ್ಕೇ.

ಇದು ಹೊಸ ಸಮಸ್ಯೆಯೂ ಅಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕಿಂತೋಷ್ 1823ರಲ್ಲಿ ರಬ್ಬರನ್ನು ಡಾಂಬರಿನಿಂದ ಬರುವ ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಮಳೆಕೋಟು ಮಾಡಿದ. ಮಳೆಗೆ ಬಲು ಚೆನ್ನ, ಬೇಸಿಗೆ ಬಂದರೆ ಕೋಟು ಅಂಟಂಟು. ಆ ಕಾಟ ತಗ್ಗಿದ್ದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವುದನ್ನು ಕಂಡುಕೊಂಡ ಮೇಲೆ. ನಿಮ್ಮ ಗಾಡಿಯ ಟೈರ್ ಬಿಸಿಲಿಗೆ ಕರಗದಿರುವುದು ಆ ಗಂಧಕದ ಹೆಣಿಗೆಯಿಂದ. ಆದರೆ ಅಗ್ಗದ ಮ್ಯಾಟ್‌ನಲ್ಲಿ ಟೈರಿನಷ್ಟು ಒಳ್ಳೆಯ ರಬ್ಬರ್ ಸಿಗುವುದಿಲ್ಲ.

ನೀರಿನ ಪಾತ್ರವೂ ಇದೆ. ಕೊಪ್ಪ ಇರುವುದು ಕಾವೇರಿಯ ದಡದಲ್ಲಿ, ಸೇತುವೆ ದಾಟಿದರೆ ಕೊಡಗಿನ ಕುಶಾಲನಗರ. ಮಳೆಗಾಲದಲ್ಲಿ ತೇವದ ಗಾಳಿ ತಣ್ಣನೆ ನೆಲಕ್ಕೆ ತಗುಲಿ ನೆಲ ಬೆವರುತ್ತದೆ. ಕೆಳಗಿನ ಮಣ್ಣಿನಿಂದಲೂ ತೇವ ಸಿಮೆಂಟಿನ ಮೂಲಕ ಮೇಲೇರುತ್ತದೆ, ಬರುವಾಗ ಸಿಮೆಂಟಿನ ಕ್ಷಾರವನ್ನೂ ಹೊತ್ತು ತರುತ್ತದೆ. ತೆರೆದ ನೆಲವಾದರೆ ಅದು ಆರಿಹೋಗುತ್ತದೆ. ಮೇಲೆ ರಬ್ಬರ್ ಮುಚ್ಚಳ ಇದ್ದರೆ ಅಲ್ಲೇ ನಿಂತು ಅಂಟನ್ನು ಕೊಳೆಸುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಆ ಕಡೆಯವರಿಗೆಲ್ಲ ನೆನಪಿದೆ. ಹಾಗೆ ನೆರೆನೀರಿನಲ್ಲಿ ನೆಂದ ರಬ್ಬರ್ ಬೆನ್ನಿನ ಕಾರ್ಪೆಟ್ಟನ್ನು ಒಣಗಿಸಿ ಮತ್ತೆ ಹಾಸುವುದಕ್ಕಿಂತ ಎಸೆಯುವುದೇ ಮೇಲು. ಅಂಟಿನ ಮಾತು ಹಾಗಿರಲಿ, ಬೂಷ್ಟು ಬಿಡುವುದಿಲ್ಲ.

ಹಲಸಿನ ಹಣ್ಣು ಬಿಡಿಸುವವರಿಗೆ ಈ ರಸಾಯನಶಾಸ್ತ್ರ ಗೊತ್ತು

ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳುತ್ತೇವೆ. ಅಂಟು ಹತ್ತಿದ ಮೇಲೆ ಎಷ್ಟು ನೀರು ಹಾಕಿ ತೊಳೆದರೂ ಹೋಗುವುದಿಲ್ಲ, ಎಣ್ಣೆ ಹಚ್ಚಿ ಉಜ್ಜಿದರೆ ಬಿಡುತ್ತದೆ. ಹಲಸಿನ ಆ ಮೇಣದಲ್ಲೂ ರಬ್ಬರ್ ಜಾತಿಯ ವಸ್ತು ಮತ್ತು ರಾಳ ಇದೆ. ಎಣ್ಣೆಯಂಥ ವಸ್ತು ಎಣ್ಣೆಯಂಥದ್ದರಲ್ಲೇ ಸಡಿಲವಾಗುತ್ತದೆ, ನೀರಿನಂಥದ್ದು ನೀರಿನಲ್ಲಿ. ನೆಲಕ್ಕೆ ಅಂಟಿದ ರಬ್ಬರ್‌ಗೂ, ಟೇಪಿನ ಅಂಟಿಗೂ ಇದೇ ನಿಯಮ.

ಹಾಗಾಗಿ ನಾಲ್ಕು ಫಾರ್ವರ್ಡ್‌ಗಳಲ್ಲಿ ಕೊಬ್ಬರಿ ಎಣ್ಣೆಯದ್ದೇ ಗಟ್ಟಿ. ಆದರೆ ವೀಡಿಯೊದಲ್ಲಿ ತೋರಿಸುವ ಹಾಗೆ ಹಚ್ಚಿ ಕೂಡಲೇ ಒರೆಸಿದರೆ ಏನೂ ಆಗದು. ಟೇಪ್ ಅಂಟಿನಲ್ಲಿ ಹೆಣೆಯದ ಅಣುಗಳೇ ಹೆಚ್ಚು, ಅದು ಎಣ್ಣೆಯಲ್ಲಿ ಬೇಗ ಮೆತ್ತಗಾಗುತ್ತದೆ. ಕಾರ್ಪೆಟ್ಟಿನ ರಬ್ಬರ್ ಹೆಣೆದುಕೊಂಡಿರುವುದರಿಂದ ಅದು ಯಾವ ದ್ರಾವಕದಲ್ಲೂ ಪೂರ್ತಿ ಕರಗುವುದಿಲ್ಲ. ಎಣ್ಣೆ ಹೀರಿಕೊಂಡು ನೆನೆಸಿದ ಕಡಲೆಕಾಳಿನಂತೆ ಉಬ್ಬುತ್ತದೆ, ಅಷ್ಟೇ. ಉಬ್ಬಿದಾಗ ನೆಲದ ಹಿಡಿತ ತಪ್ಪುತ್ತದೆ, ಆಗ ಕೆರೆದರೆ ಎದ್ದು ಬರುತ್ತದೆ. ಉಬ್ಬಲು ಹೊತ್ತು ಬೇಕು. ಎಣ್ಣೆ ಸವರಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದೆರಡು ಗಂಟೆ, ಹಠಮಾರಿ ಜಾಗದಲ್ಲಿ ಇಡೀ ರಾತ್ರಿ ಬಿಡಬೇಕು. ಎಣ್ಣೆ ಹಾಕಿದ ನೆಲ ಜಾರುತ್ತದೆ ಅನ್ನುವುದು ಮರೆಯಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಜಾಗಕ್ಕೆ ಅಡ್ಡ ಒಂದು ಕುರ್ಚಿ ಇಡಿ. ಕಲೆ ಹೋಗಿ ಸೊಂಟದ ಮೂಳೆ ಮುರಿದರೆ ಏನು ಬಂತು?

ನೀಲಗಿರಿ ಎಣ್ಣೆ ಇದಕ್ಕಿಂತ ಚುರುಕು. ಟೇಪ್, ಸ್ಟಿಕ್ಕರ್ ಅಂಟಿಗೆ ನಾಲ್ಕು ಹನಿ ಸಾಕು. ಆದರೆ ಬಾಟಲಿಯನ್ನು ಮಕ್ಕಳಿಗೆ ಎಟುಕುವ ಕಡೆ ಇಡಲೇಬೇಡಿ. ಒಂದು ಟೀ ಚಮಚೆಯಷ್ಟು ಕುಡಿದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು.

ಅಡಿಗೆ ಸೋಡಾ ಮತ್ತು ವಿನೆಗರ್: ನೊರೆಯ ಮಾಯೆ

ಈ ಜೋಡಿ ಇಲ್ಲದ ಮನೆಮದ್ದಿನ ವೀಡಿಯೊ ಇಲ್ಲವೇ ಇಲ್ಲ ಅನ್ನಬಹುದು. ನೊರೆ ಬುಸ್ ಅಂದಾಗ ಏನೋ ಭಾರಿ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ನಡೆಯುವುದು ಇಷ್ಟು: ಸೋಡಾ ಕ್ಷಾರ, ವಿನೆಗರ್ ಆಮ್ಲ, ಎರಡೂ ಒಂದನ್ನೊಂದು ಕೊಂದು ಸೋಡಿಯಂ ಅಸಿಟೇಟ್ ಎಂಬ ಉಪ್ಪು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಆ ನೊರೆ ಸೋಡಾ ಬಾಟಲಿಯ ಗುಳ್ಳೆಗಿಂತ ಬೇರೆಯದಲ್ಲ. ಉಳಿಯುವ ಉಪ್ಪುನೀರಿಗೆ ರಬ್ಬರ್ ಬಿಡಿಸುವ ಯಾವ ಶಕ್ತಿಯೂ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ಬಳಸಿದರೆ ಒಂದಿಷ್ಟು ಉಪಯೋಗ ಉಂಟು. ಮರಗೆಲಸದ ಬಿಳಿ ಅಂಟು ಟೈಲ್ಸ್ ಮೇಲೆ ಚೆಲ್ಲಿ ಒಣಗಿದ್ದರೆ ಬಿಸಿನೀರಿನ ಜೊತೆ ವಿನೆಗರ್ ಅದನ್ನು ಮೆತ್ತಗೆ ಮಾಡುತ್ತದೆ. ಸೋಡಾದ ಉಪಯೋಗ ಮುಂದೆ ಹೇಳುತ್ತೇನೆ.

ವಿಷವೇನೂ ಅಲ್ಲದ ಈ ಉಪಾಯದಿಂದಲೂ ನೆಲ ಹಾಳಾಗುವುದುಂಟು. ವಿನೆಗರ್ ಮೊದಲು ಸುರಿದು ಸೋಡಾ ಕಡಿಮೆಯಾದರೆ ಉಳಿದ ಆಮ್ಲ ನೆಲವನ್ನು ತಿನ್ನುತ್ತದೆ. ಯಾವ ನೆಲವನ್ನು ಅನ್ನುವುದೇ ಪ್ರಶ್ನೆ.

ನಿಮ್ಮ ನೆಲ ಯಾವುದು?

ಫಾರ್ವರ್ಡ್ ಮಾಡುವವರು ಕೇಳದ ಪ್ರಶ್ನೆ ಇದು. ಹೆಚ್ಚಿನ ವೀಡಿಯೊಗಳು ಬೇರೆ ದೇಶದ ಮರದ ನೆಲಕ್ಕೋ ವಿನೈಲ್ ಹಾಸಿಗೋ ಮಾಡಿದವು, ಮೇಲೆ ಕನ್ನಡದ ಧ್ವನಿ ಅಂಟಿಸಿರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಕಾಣುವ ನೆಲವೇ ಬೇರೆ.

ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬಣ್ಣ ಬೆರೆಸಿ, ತೇಯ್ದು ನಯ ಮಾಡಿದ್ದು. ವರ್ಷಗಟ್ಟಲೆ ಒರೆಸಿ, ಎಣ್ಣೆಯೋ ಮೇಣವೋ ತಿನ್ನಿಸಿ ಹೊಳಪು ಬಂದಿರುತ್ತದೆ. ಇದಕ್ಕೆ ಎಣ್ಣೆ ಶತ್ರುವಲ್ಲ, ಆಮ್ಲ ಶತ್ರು. ನಿಂಬೆ, ವಿನೆಗರ್, ಆಸಿಡ್ ಯಾವುದು ಬಿದ್ದರೂ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ, ಅದನ್ನು ಸರಿಪಡಿಸುವ ಹಳೆಯ ಗಾರೆ ಕೆಲಸದವರು ಈಗ ಸುಲಭಕ್ಕೆ ಸಿಗುವುದಿಲ್ಲ. ಬ್ಲೇಡಿನಿಂದ ಕೆರೆದರೆ ಗೀರು ಶಾಶ್ವತ. ಇನ್ನು ಕೆಲವರ ಮನೆಯಲ್ಲಿ ಮಾಸಿದ ಆಕ್ಸೈಡ್ ನೆಲದ ಮೇಲೆ ಕೆಂಪು ಪೇಂಟ್ ಹೊಡೆಸಿರುತ್ತಾರೆ. ಅಲ್ಲಿ ಥಿನ್ನರ್ ಹಾಕಿದರೆ ಅಂಟಿನ ಜೊತೆ ಪೇಂಟೂ ಎದ್ದು ಬರುತ್ತದೆ.

ಶಹಾಬಾದ್ ಕಲ್ಲು, ಕಡಪಾ ಕಲ್ಲು, ಕೋಟಾ ಕಲ್ಲು ಇವೆಲ್ಲ ಸುಣ್ಣಕಲ್ಲಿನ ಜಾತಿ. ಮಾರ್ಬಲ್ ಕೂಡ ಅದೇ ಕುಟುಂಬ. ಮೊಸಾಯಿಕ್ ನೆಲದಲ್ಲಿರುವ ಚೂರುಗಳೂ ಮಾರ್ಬಲ್ಲೇ. ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಆಮ್ಲ ಬಿದ್ದರೆ ಗುಳ್ಳೆ ಏಳುತ್ತದೆ, ಅಂದರೆ ನಿಮ್ಮ ನೆಲವೇ ಅನಿಲವಾಗಿ ಹಾರಿಹೋಗುತ್ತಿದೆ. ಯಾವ ಕಲ್ಲು ಅಂತ ಗೊತ್ತಿಲ್ಲದಿದ್ದರೆ ಬೀರುವಿನ ಅಡಿಯಂಥ ಕಾಣದ ಮೂಲೆಯಲ್ಲಿ ಒಂದೇ ಹನಿ ನಿಂಬೆರಸ ಹಾಕಿ, ಎರಡು ನಿಮಿಷ ಬಿಟ್ಟು ಒರೆಸಿ ನೋಡಿ. ಆ ಜಾಗ ಮಂಕಾದರೆ ಸುಣ್ಣದ ಅಂಶದ ಕಲ್ಲು, ಹುಳಿಯನ್ನು ಹತ್ತಿರ ಬಿಡಬೇಡಿ. ಇವುಗಳಲ್ಲಿ ಬಿಳಿ ಮಾರ್ಬಲ್‌ಗೆ ಎಣ್ಣೆಯೂ ಆಗದು. ರಂಧ್ರಗಳಿಗೆ ಇಳಿದು ಹಳದಿ ಮಚ್ಚೆಯಾಗಿ ಉಳಿಯುತ್ತದೆ. ಅಲ್ಲಿ ಸಾಬೂನು ನೀರು ಮತ್ತು ತಾಳ್ಮೆಯಿಂದಲೇ ಮುಗಿಸಬೇಕು.

ಚಾಮರಾಜನಗರದ ಕರಿಕಲ್ಲಿನಂಥ ಗ್ರಾನೈಟ್ ಗಟ್ಟಿ. ವಿಟ್ರಿಫೈಡ್ ಟೈಲ್ಸ್ ಇನ್ನೂ ನಿಶ್ಚಿಂತೆ. ಅದು ಹೀರುವ ನೀರು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ, ಹಾಗಾಗಿ ಎಣ್ಣೆಯಾಗಲಿ ದ್ರಾವಕವಾಗಲಿ ಒಳಗೆ ಇಳಿಯುವುದಿಲ್ಲ. ಆದರೆ ಟೈಲ್ಸ್ ನಡುವಿನ ಸಂದು ಸಿಮೆಂಟ್, ಅದಕ್ಕೆ ಆಮ್ಲ ಬೇಡ. ಬಾಡಿಗೆ ಮನೆಗಳಲ್ಲಿ ಹಾಸುವ ಪ್ಲಾಸ್ಟಿಕ್ ವಿನೈಲ್ ಶೀಟ್‌ಗೆ ಅಸಿಟೋನ್ ತಾಗಿದರೆ ಅದೇ ಕರಗುತ್ತದೆ. ಅದರ ಮೇಲೆ ರಬ್ಬರ್ ಮ್ಯಾಟ್ ಇಟ್ಟು ಬಿದ್ದ ಹಳದಿ ಕಲೆಯಂತೂ ಹೋಗುವುದೇ ಇಲ್ಲ. ರಬ್ಬರ್ ಬೇಗ ಹಳತಾಗದಿರಲಿ ಅಂತ ಬೆರೆಸಿದ ರಾಸಾಯನಿಕ ವಿನೈಲ್‌ನೊಳಕ್ಕೇ ಇಳಿದು ಬಣ್ಣ ತಿರುಗಿರುತ್ತದೆ. ಕಲೆ ಮೇಲಿಲ್ಲ, ಒಳಗಿದೆ. ಎಷ್ಟು ಉಜ್ಜಿದರೂ ಸವೆಯುವುದು ನಿಮ್ಮ ಕೈಯೇ.

ಹೊರದೇಶದಲ್ಲಿ ಮಕ್ಕಳಿರುವವರು ಈ ಮಾತನ್ನು ಅವರಿಗೆ ಕಳಿಸಿ. ಅಮೆರಿಕದಂಥ ದೇಶಗಳಲ್ಲಿ 1980ರ ದಶಕಕ್ಕೂ ಹಿಂದೆ ಕಟ್ಟಿದ ಮನೆಗಳಲ್ಲಿ ಹಳೆ ಕಾರ್ಪೆಟ್ ಕಿತ್ತರೆ ಕೆಳಗೆ ಚಿಕ್ಕ ಚೌಕದ ಟೈಲ್ಸ್, ಅದರಡಿ ಡಾಂಬರಿನಂಥ ಕಪ್ಪು ಅಂಟು ಸಿಗಬಹುದು. ಅವುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಕೆರೆಯುವುದು, ಮರಳು ಕಾಗದ ಹಾಕಿ ಉಜ್ಜುವುದು ಮಾಡಿದರೆ ಅದರ ನಾರು ಗಾಳಿಗೆ ಬರುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಅಲ್ಲಿ ಪರೀಕ್ಷೆ ಮಾಡಿಸದೆ ಮುಟ್ಟುವಂತಿಲ್ಲ.

ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್

ಪೆಟ್ರೋಲಿನಿಂದ ಅಂಟು ಹೋಗುವುದು ನಿಜ. ಫಾರ್ವರ್ಡ್ ಸುಳ್ಳಲ್ಲ, ಅದಕ್ಕೇ ಇನ್ನೂ ಅಪಾಯ. ಪೆಟ್ರೋಲಿನ ಆವಿಗೆ ಬೆಂಕಿ ಹತ್ತಿಕೊಳ್ಳಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ತೊಂದರೆಯಿಲ್ಲ. ಆ ಆವಿಯೂ ಗಾಳಿಗಿಂತ ಭಾರ. ಹಜಾರದಲ್ಲಿ ಉಜ್ಜುತ್ತಿದ್ದರೆ ನೆಲದುದ್ದಕ್ಕೂ ತೆವಳಿಕೊಂಡು ಅಡುಗೆಮನೆಯ ಒಲೆಗೋ, ದೇವರ ಮುಂದಿನ ದೀಪಕ್ಕೋ, ಫ್ರಿಜ್ಜಿನ ಹಿಂದಿನ ಕಿಡಿಗೋ ಮುಟ್ಟಬಹುದು. ಮುಟ್ಟಿದರೆ ಜ್ವಾಲೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ, ಬಟ್ಟೆ ಹಿಡಿದು ಕೂತವರ ತನಕ. ಮನೆಯೊಳಗೆ ಪೆಟ್ರೋಲ್ ಬೇಡ. ಇದಕ್ಕೆ ವಿನಾಯಿತಿ ಇಲ್ಲ.

ಸೀಮೆಎಣ್ಣೆ ಮತ್ತು ಪೇಂಟ್ ಅಂಗಡಿಯ ಟರ್ಪೆಂಟೈನ್ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಕೆಲಸವೂ ಮಾಡುತ್ತವೆ. ಎಣ್ಣೆಯಿಂದ ಆಗದಿದ್ದರೆ ಮಾತ್ರ, ಒಲೆ ದೀಪ ಆರಿಸಿ, ಕಿಟಕಿ ಬಾಗಿಲು ತೆಗೆದು, ಬಟ್ಟೆಗೆ ಸ್ವಲ್ಪವೇ ಹಾಕಿಕೊಂಡು ಬಳಸಬಹುದು. ನೆಲದ ಮೇಲೆ ಸುರಿಯಬಾರದು. ನಮ್ಮಲ್ಲಿ ಇವುಗಳ ದೊಡ್ಡ ಅಪಾಯ ಬೆಂಕಿಗಿಂತಲೂ ಬಾಟಲಿ. ಮಿಕ್ಕಿದ್ದನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಹಾಕಿ ಮೂಲೆಯಲ್ಲಿಡುತ್ತೇವೆ, ಮಗು ನೀರು ಅಂತ ಕುಡಿಯುತ್ತದೆ. ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಹೆಚ್ಚು ಅಪಾಯ, ನ್ಯುಮೋನಿಯಾ ಆಗುತ್ತದೆ. ಕುಡಿದ ಮಗುವಿಗೆ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಮೇಲೆ ಬರುವಾಗ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಉಗುರು ಬಣ್ಣ ತೆಗೆಯುವ ಅಸಿಟೋನ್ ಫೆವಿಕ್ವಿಕ್‌ನಂಥ ಅಂಟಿಗೆ ಒಳ್ಳೆಯದು, ರಬ್ಬರಿಗೆ ಅಷ್ಟಕ್ಕಷ್ಟೇ. ಬೆಂಕಿಯ ವಿಷಯದಲ್ಲಿ ಪೆಟ್ರೋಲಿನ ತಮ್ಮ. ಪೇಂಟ್ ಕೀಳುವ ರಿಮೂವರ್‌ಗಳಲ್ಲಿ ಕೆಲವಕ್ಕೆ ಮೆಥಿಲೀನ್ ಕ್ಲೋರೈಡ್ ಹಾಕಿರುತ್ತಾರೆ. ದೇಹದೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಗಳಲ್ಲಿ ಇದನ್ನು ಬಳಸಿದವರು ಸತ್ತ ಪ್ರಕರಣಗಳ ನಂತರ ಅಮೆರಿಕ 2019ರಲ್ಲಿ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಇದನ್ನು ನಿಷೇಧಿಸಿತು. ಡಬ್ಬಿಯ ಮೇಲೆ ಆ ಹೆಸರಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಾಗಾದರೆ ಮಾಡುವುದು ಹೇಗೆ?

ಒಣಗಿದ್ದಾಗಲೇ ಶುರು ಮಾಡಿ. ನೀರು ಹಾಕಿಬಿಟ್ಟರೆ ಪುಡಿಯಾಗಿ ಬರಬೇಕಾದದ್ದು ಕೆಸರಾಗುತ್ತದೆ. ಹಳೆ ಎಟಿಎಂ ಕಾರ್ಡ್ ಅಥವಾ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ನೆಲಕ್ಕೆ ಬಾಗಿಸಿ ಹಿಡಿದು ತಳ್ಳುತ್ತಾ ಹೋದರೆ ಬಿರುಸು ರಬ್ಬರ್ ಅರ್ಧಕ್ಕರ್ಧ ಏಳುತ್ತದೆ. ಆ ಧೂಳು ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ, ಕೊರೊನಾ ಕಾಲದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಗುಡಿಸಿ ತೆಗೆದ ಮೇಲೆ ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರಾವಣ ಹಾಕಿ, ಹಳೆ ಟವಲ್ ನೆನೆಸಿ ಕಲೆಯ ಮೇಲೆ ಇಪ್ಪತ್ತು ನಿಮಿಷ ಹೊದಿಸಿ. ಹಳೆಯ ಲೇಟೆಕ್ಸ್ ಎಷ್ಟೋ ಸಲ ಇಷ್ಟಕ್ಕೇ ಮೆತ್ತಗಾಗುತ್ತದೆ. ತೆಂಗಿನ ನಾರಿನಿಂದ ಉಜ್ಜಬಹುದು. ಸ್ಟೀಲ್ ಸ್ಕ್ರಬ್ಬರ್ ಬೇಡ. ವಿಟ್ರಿಫೈಡ್ ಟೈಲ್ಸ್ ಮೇಲೂ ಅದರ ಲೋಹ ಉಜ್ಜಿಕೊಂಡು ಕಪ್ಪು ಗೆರೆ ಬೀಳುತ್ತದೆ.

ಉಳಿದ ಜಿಗುಟಿಗೆ ಎಣ್ಣೆ, ಮೇಲೆ ಹೇಳಿದ ಹಾಗೆ. ಡಬಲ್ ಸೈಡ್ ಟೇಪ್ ಆಗಿದ್ದರೆ ಹೇರ್ ಡ್ರೈಯರ್ ಬಿಸಿಗೆ ಸಡಿಲವಾಗುತ್ತದೆ, ಚೂಯಿಂಗ್ ಗಮ್ ಆಗಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಇಟ್ಟು ಗಟ್ಟಿ ಮಾಡಿ ಎಬ್ಬಿಸುವುದು ಸುಲಭ. ಕೊನೆಗೆ ಎಣ್ಣೆಯ ಮೇಲೆ ಕಡಲೆಹಿಟ್ಟು ಉದುರಿಸಿ ಒರೆಸಿ, ಆಮೇಲೆ ಸೋಪಿನ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕಲ್ಲಿನೊಳಕ್ಕೆ ಎಣ್ಣೆಮಚ್ಚೆ ಇಳಿದಿದ್ದರೆ ಈಗ ಅಡಿಗೆ ಸೋಡಾ ಕೆಲಸಕ್ಕೆ ಬರುತ್ತದೆ. ವಿನೆಗರ್ ಇಲ್ಲದೆ, ಬರೀ ನೀರಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಮಚ್ಚೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಮುಚ್ಚಳ ತೆಗೆದು ಒಣಗುವಾಗ ಎಣ್ಣೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಮೂರು ಸಲ ಮಾಡಬೇಕು.

ಯಾವುದೇ ಆಗಲಿ, ಅಂಗೈಯಗಲದ ಮೂಲೆಯಲ್ಲಿ ಮೊದಲು ಮಾಡಿ ಮರುದಿನ ಬೆಳಕಿನಲ್ಲಿ ನೋಡಿ. ಒದ್ದೆ ನೆಲದ ಮೇಲೆ ಯಾವ ಕಲೆಯೂ ಕಾಣದು, ವೀಡಿಯೊ ಮಾಡುವವರು ನೆಲ ಒದ್ದೆಯಿರುವಾಗಲೇ ಕ್ಯಾಮೆರಾ ನಿಲ್ಲಿಸುವುದು ಸುಮ್ಮನೆ ಅಲ್ಲ.

ಚಿಕ್ಕಮ್ಮನಿಗೆ ಈ ಕೆಲಸ ಮೂರು ಮಧ್ಯಾಹ್ನ ಹಿಡಿಯಿತು. ನೆಲ ಹೊಳಪಿಗೆ ಬಂತು. ಕಿಟಕಿಯ ಬಿಸಿಲು ಬೀಳುತ್ತಿದ್ದ ಕಡೆ ಮಾತ್ರ ಕಾರ್ಪೆಟ್ಟಿನ ಅಂಚು ಇದ್ದಲ್ಲಿ ಒಂದು ಮಸುಕು ಗೆರೆ ಉಳಿದಿದೆ. ಆ ಜಾಗಕ್ಕೆ ಈಗ ಜಮಖಾನ ಬಂದಿದೆ, ವಾರಕ್ಕೊಮ್ಮೆ ಎತ್ತಿ ಕೊಡವುತ್ತಾರಂತೆ. ಗ್ರೂಪಿನಲ್ಲಿ ಆಸಿಡ್ ಫಾರ್ವರ್ಡ್ ಹಾಕಿದವರಿಗೆ ನಾನು ಖಾಸಗಿಯಾಗಿ ಬರೆದೆ. "ನನಗೂ ಯಾರೋ ಕಳಿಸಿದ್ದು ಕಣಪ್ಪ, ಓದಿರಲಿಲ್ಲ" ಅಂದರು. ಅಳಿಸಿದರು. ಅಷ್ಟರಲ್ಲಿ ಅದು ಇನ್ನೆರಡು ಗ್ರೂಪಿಗೆ ಹೋಗಿತ್ತು.